ಲಿಂಕ್ ಕಳುಹಿಸಿದರೆ ಗುಂಪಾಗುವುದಿಲ್ಲ

2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಶುರುವಾದಾಗ, ಕರ್ನಾಟಕ ಕೇರಳಗಳ ನಡುವಿನ ತಲಪಾಡಿ ಗಡಿ ಮುಚ್ಚಿತು. ಕಾಸರಗೋಡು ಕಡೆಯಿಂದ ಬರುವ ಒಳದಾರಿಗಳಿಗೂ ಮಣ್ಣು ಸುರಿದು ಅಡ್ಡಗಟ್ಟಿದರು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಮಂಗಳೂರು ಬೇರೆ ರಾಜ್ಯದ ಊರಲ್ಲ. ಹೆರಿಗೆಗೆ, ಡಯಾಲಿಸಿಸ್‌ಗೆ, ಮನಸ್ಸು ಕೆಟ್ಟಾಗ ಬರುವುದು ಇಲ್ಲಿಗೇ. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ ಮೊದಲ ವಾರ ಕಳೆಯುವಷ್ಟರಲ್ಲಿ ತುರ್ತು ರೋಗಿಗಳು ಗಡಿ ದಾಟಲು ಒಂದು ವ್ಯವಸ್ಥೆಯಾಯಿತು. ಆಂಬುಲೆನ್ಸಿನ ಬಗ್ಗೆ ಅಷ್ಟು ವಾದ ನಡೆದದ್ದು ಸರಿಯೇ. ಆದರೆ ಮಂಗಳೂರಿನ ಆಸ್ಪತ್ರೆಗಳಿಗೂ ಸಮಾಲೋಚನಾ ಕೇಂದ್ರಗಳಿಗೂ ಜನ ಔಷಧಕ್ಕಾಗಿ ಮಾತ್ರ ಬರುತ್ತಿರಲಿಲ್ಲ. ಕುಡಿತ ಬಿಟ್ಟವರು ಒಟ್ಟಿಗೆ ಕೂರುವ ಕೂಟ, ಮಾನಸಿಕ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಕೂಟ, ವಿಶೇಷ ಮಕ್ಕಳ ತಾಯಂದಿರ ಕೂಟ, ಇವೆಲ್ಲ ಕುರ್ಚಿಗಳನ್ನು ದುಂಡಗೆ ಇಟ್ಟು ನಡೆಯುವಂಥವು. ಗಡಿಯಾಚೆಗೂ ಈಚೆಗೂ ಆ ಕುರ್ಚಿಗಳು ಒಂದೇ ದಿನ ಖಾಲಿಯಾದವು. ಅದರ ಬಗ್ಗೆ ವಾದಿಸಲು ಯಾರೂ ಇರಲಿಲ್ಲ.

ಸಮಾಜಕಾರ್ಯಕರ್ತರು ಕೈಕಟ್ಟಿ ಕೂರಲಿಲ್ಲ. ಕೈಗೆ ಸಿಕ್ಕ ಸಾಧನದಲ್ಲೇ ಗುಂಪುಗಳನ್ನು ಮುಂದುವರಿಸಿದರು: ಜೂಮ್, ಗೂಗಲ್ ಮೀಟ್, ಹೆಚ್ಚಿನ ಕಡೆ ಬರೀ ವಾಟ್ಸ್‌ಆ್ಯಪ್. ಆ ಅವಸರಕ್ಕೆ ನಾನು ತಲೆಬಾಗುತ್ತೇನೆ. ನನ್ನ ತಕರಾರು ಆಮೇಲಿನದ್ದರ ಬಗ್ಗೆ. ಇಷ್ಟು ವರ್ಷ ಕಳೆದರೂ ಆನ್‌ಲೈನ್ ಗುಂಪು ನಡೆಸುವುದನ್ನು ನಾವು ಒಂದು ವಿದ್ಯೆಯೆಂದು ಒಪ್ಪಿಲ್ಲ. ಎದುರು ಕೂರಿಸಿ ನಡೆಸಲು ಬಲ್ಲವರಿಗೆ ಪರದೆಯ ಮೇಲೆ ನಡೆಸುವುದೂ ಬರುತ್ತದೆ, ಬೇಕಾದ್ದು ಒಂದು ಲಿಂಕ್ ಮತ್ತು ಸ್ವಲ್ಪ ತಾಂತ್ರಿಕ ಅಭ್ಯಾಸ ಎಂದುಕೊಂಡಿದ್ದೇವೆ. ಇದು ತಪ್ಪು ತಿಳಿವಳಿಕೆ. ಈ ತಪ್ಪಿನ ಬೆಲೆ ತೆರುವವರು ಗುಂಪಿಗೆ ಬಂದು ಎರಡನೇ ವಾರಕ್ಕೆ ಕಾಣೆಯಾಗುವ ಸದಸ್ಯರು. ಅವರು ಯಾಕೆ ಬರಲಿಲ್ಲವೆಂದು ಕೇಳುವ ಮೊದಲೇ ಅವರ ಹೆಸರು ಪರದೆಯಿಂದ ಅಳಿಸಿಹೋಗಿರುತ್ತದೆ.

ತರಬೇತಿಯೇ ಆಗಿಲ್ಲವೇ ಎಂದರೆ ಆಗಿದೆ, ಬೇಕಾದಷ್ಟು. ಪ್ರಾರ್ಥನೆ, ಸ್ವಾಗತ, ಸಂಪನ್ಮೂಲ ವ್ಯಕ್ತಿಯ ಪರಿಚಯ, ಐವತ್ತು ಸ್ಲೈಡುಗಳು, ಕೊನೆಗೆ ಉಳಿದ ಐದು ನಿಮಿಷದಲ್ಲಿ ಚಾಟ್‌ನಲ್ಲಿ ಬಂದ ಎರಡು ಪ್ರಶ್ನೆ, ಧನ್ಯವಾದ, ಫೀಡ್‌ಬ್ಯಾಕ್ ಫಾರ್ಮ್, ಅದನ್ನು ತುಂಬಿದವರಿಗೆ ಇ-ಸರ್ಟಿಫಿಕೇಟ್. ಗುಂಪು ನಡೆಸುವುದು ಹೇಗೆಂದು ಹೇಳಿಕೊಡುವ ಇಂಥ ವೆಬಿನಾರಿನಲ್ಲಿ ಗುಂಪೇ ಇರುವುದಿಲ್ಲ. ಮುನ್ನೂರು ಜನ ಕ್ಯಾಮೆರಾ ಆರಿಸಿಕೊಂಡು ಒಬ್ಬರ ಮಾತು ಕೇಳುತ್ತಿರುತ್ತಾರೆ, ಅವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕಿ ಮುಗಿಸಿರುತ್ತಾರೆ. ವೃತ್ತಿ ಬೆಳವಣಿಗೆ ಎಂಬ ಶೀರ್ಷಿಕೆಯ ಕೆಳಗೆ ನಾವು ಕಡತಕ್ಕೆ ಸೇರಿಸಿಕೊಳ್ಳುತ್ತಿರುವುದು ಬಹುಪಾಲು ಇದನ್ನೇ.

ಬೇರೆ ಊರಾಗಿದ್ದರೆ ಅರಿಯದೆ ಮಾಡಿದ್ದು ಎನ್ನಬಹುದಿತ್ತು. ಮಂಗಳೂರಿಗೆ ಆ ನೆಪ ಸಲ್ಲುವುದಿಲ್ಲ. ವಲೆನ್ಸಿಯಾದ ರೋಶನಿ ನಿಲಯದಲ್ಲಿ 1960ರಿಂದ ಸಮಾಜಕಾರ್ಯ ಕಲಿಸುತ್ತಿದ್ದಾರೆ. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ಅದಕ್ಕೆ ಇಪ್ಪತ್ತು ವರ್ಷ ತಡವಾಗಿ, 1980ರಲ್ಲಿ. ರೋಶನಿ ನಿಲಯದಲ್ಲಿ ಓದಿ ಅಲ್ಲಿಯೇ ಕಲಿಸಿದವರು ನಗರದಲ್ಲಿ ಸಮಾಲೋಚನಾ ಕೇಂದ್ರಗಳನ್ನೂ ಮಕ್ಕಳ ಹಕ್ಕಿನ ಸಂಸ್ಥೆಗಳನ್ನೂ ಕಟ್ಟಿದ್ದಾರೆ. ಎಂಎಸ್‌ಡಬ್ಲ್ಯೂ ಓದಿದ ಯಾರನ್ನೇ ಕೇಳಿ, ಗುಂಪುಕಾರ್ಯ ಒಂದು ಪತ್ರಿಕೆಯಷ್ಟೇ ಆಗಿರಲಿಲ್ಲವೆಂದು ಹೇಳುತ್ತಾರೆ. ಫೀಲ್ಡ್‌ವರ್ಕ್‌ನಲ್ಲಿ ಗುಂಪು ಕಟ್ಟಬೇಕು, ಪ್ರತಿ ಕೂಟದ ನಂತರ ಯಾರು ಏನು ಹೇಳಿದರು, ಯಾರು ಯಾರ ಕಡೆ ನೋಡಲಿಲ್ಲ, ಆಗ ನನಗೆ ಏನನಿಸಿತು ಎಂಬುದನ್ನೆಲ್ಲ ಪ್ರಕ್ರಿಯಾ ದಾಖಲೆಯಲ್ಲಿ ಬರೆಯಬೇಕು, ಮೇಲ್ವಿಚಾರಕರು ಅದನ್ನು ಓದಿ ಅಂಚಿನಲ್ಲಿ ಪ್ರಶ್ನೆ ಹಾಕಬೇಕು. ಆ ವಿದ್ಯೆ ಕೈಗೆ ಹತ್ತಿದ್ದು ಅಂಚಿನ ಆ ಪ್ರಶ್ನೆಗಳಿಂದ.

ಸಮಾಜಕಾರ್ಯದ ಕಾಲೇಜಿನ ಹೊರಗೂ ಈ ನಾಡಿಗೆ ಇದರ ಅರಿವಿದೆ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸ್ವಸಹಾಯ ಗುಂಪು ಕಟ್ಟುವಾಗ ಹಣದ ಲೆಕ್ಕ ಕಲಿಸಿದಷ್ಟೇ ಶ್ರದ್ಧೆಯಿಂದ ಸಭೆ ನಡೆಸುವುದನ್ನೂ ಭಿನ್ನಾಭಿಪ್ರಾಯ ನಿಭಾಯಿಸುವುದನ್ನೂ ಕಲಿಸಿತು. ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿದ್ದು ಇಂಥ ಅನುಭವದ ಬಲದ ಮೇಲೆ. 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ನೋಡಿ. ಎಂಟು ದಿನದ ಶಿಬಿರ ಮುಗಿಸಿದವನನ್ನು ಹಾಗೆಯೇ ಮನೆಗೆ ಕಳುಹಿಸಿ ಕೈತೊಳೆದುಕೊಳ್ಳುವುದಿಲ್ಲ. ನವಜೀವನ ಸಮಿತಿ ಎಂಬ ಗುಂಪಿಗೆ ಸೇರಿಸುತ್ತಾರೆ. ಬಿಡುವುದು ಸುಲಭ, ಬಿಟ್ಟಿರುವುದಕ್ಕೆ ಜೊತೆ ಬೇಕು ಎಂಬ ತಿಳಿವಳಿಕೆ ಅದರ ಹಿಂದಿದೆ. ಮುಖಾಮುಖಿ ಗುಂಪನ್ನು ನಡೆಸುವುದಕ್ಕೆ ಇಷ್ಟೆಲ್ಲ ಕಲಿಕೆ ಬೇಕೆಂದು ಒಪ್ಪಿದವರು ಪರದೆ ಬಂದ ಕೂಡಲೇ ಅದೆಲ್ಲ ತನ್ನಿಂದ ತಾನೇ ಬರುತ್ತದೆಂದು ನಂಬಿದ್ದು ಹೇಗೆ?

ಪರದೆಯಲ್ಲಿ ಬದಲಾಗುವುದು ಏನು ಎಂಬುದನ್ನು ತುಸು ಬಿಡಿಸಿ ನೋಡಬೇಕು. ಮೊದಲನೆಯದು ಕೋಣೆ. ಆಸ್ಪತ್ರೆಯ ಸಭಾಕೋಣೆಯಲ್ಲಿ ಗುಂಪು ಕೂತಾಗ ಬಾಗಿಲು ಗುಂಪು ನಡೆಸುವವರ ಕೈಯಲ್ಲಿರುತ್ತದೆ. ಒಳಗೆ ಯಾರಿದ್ದಾರೆ, ಹೊರಗೆ ಯಾರು ಕಿವಿಗೊಟ್ಟಿದ್ದಾರೆ ಎಂಬುದು ಅವರಿಗೆ ಗೊತ್ತು. ಆನ್‌ಲೈನ್‌ನಲ್ಲಿ ಹತ್ತು ಜನ ಸೇರಿದರೆ ಹತ್ತು ಕೋಣೆ, ಹತ್ತು ಬಾಗಿಲು. ಯಾವ ಬಾಗಿಲೂ ನಿಮ್ಮ ಕೈಯಲ್ಲಿಲ್ಲ. ಅಮೆರಿಕದಲ್ಲಿ ಗುಂಪು ಚಿಕಿತ್ಸೆ ನಡೆಸುವ ಹೈಮ್ ವೈನ್‌ಬರ್ಗ್ 2020ರ ತಮ್ಮ ಪರಾಮರ್ಶನ ಲೇಖನದಲ್ಲಿ ಆನ್‌ಲೈನ್ ಗುಂಪಿನ ತೊಡಕುಗಳನ್ನು ಹೇಳುವಾಗ ಇದನ್ನೂ ಎತ್ತಿದ್ದಾರೆ: ಚಿಕಿತ್ಸೆಯ ಚೌಕಟ್ಟನ್ನು ಕಾಯುವ ಹೊಣೆ ನಡೆಸುವವರ ಕೈತಪ್ಪುತ್ತದೆ. ಅವರ ರೋಗಿಗಳ ಮನೆಗಳಲ್ಲಿ ಪ್ರತ್ಯೇಕ ಕೋಣೆಗಳಾದರೂ ಇರಬಹುದು. ಕುದ್ರೋಳಿಯ ಅಥವಾ ಬೆಂಗ್ರೆಯ ಎರಡು ಕೋಣೆಯ ಮನೆಯಲ್ಲಿ ಗಂಡನ ಕುಡಿತದ ಬಗ್ಗೆ ಮಾತಾಡಬೇಕಾದ ಹೆಂಗಸು ಎಲ್ಲಿ ಕೂರಬೇಕು? ಅತ್ತೆ ಪಕ್ಕದಲ್ಲೇ ಬೀಡಿ ಕಟ್ಟುತ್ತಾ ಕೂತಿರುತ್ತಾಳೆ.

ಇದಕ್ಕೆ ಉಪಾಯಗಳಿವೆ, ಆದರೆ ಅವು ಮೊದಲೇ ಗೊತ್ತಿರಬೇಕು. ಗುಂಪು ಶುರುವಾಗುವ ಮುಂಚೆ ಪ್ರತಿಯೊಬ್ಬರೊಡನೆ ಒಂಟಿಯಾಗಿ ಫೋನಿನಲ್ಲಿ ಮಾತಾಡಿ, ಅವರು ಎಲ್ಲಿಂದ ಸೇರುತ್ತಾರೆ, ಆಗ ಮನೆಯಲ್ಲಿ ಯಾರಿರುತ್ತಾರೆ, ಫೋನ್ ಯಾರದ್ದು ಎಂದು ಕೇಳಿಕೊಳ್ಳಬೇಕು. ಯಾರಾದರೂ ಕೋಣೆಗೆ ಬಂದರೆ ಹೇಳಲು ಒಂದು ಸಾಧಾರಣ ಮಾತನ್ನು ಗೊತ್ತುಮಾಡಿಕೊಂಡಿರಬೇಕು. ಸದಸ್ಯೆ 'ಅಕ್ಕಿ ನೆನೆಹಾಕಬೇಕು' ಎಂದರೆ ನಡೆಸುವವರು ತಟಕ್ಕನೆ ಮಾತು ಬದಲಿಸಬೇಕು, ಗುಂಪಿನ ಉಳಿದವರಿಗೂ ಅದರ ಅರ್ಥ ತಿಳಿದಿರಬೇಕು. ಇದನ್ನು ಸ್ಲೈಡಿನಲ್ಲಿ ಓದಿದವರಿಗೆ ನೆನಪಾದರೂ ಉಳಿದೀತು. ಆದರೆ ಅಳುವಿನ ಮಧ್ಯೆ ಅಕ್ಕಿಯ ಮಾತು ಬಂದಾಗ ಅರೆಗಳಿಗೆಯಲ್ಲಿ ದನಿ ಬದಲಿಸಿ ನಾಳೆಯ ರೇಷನ್ ಅಂಗಡಿಯ ಸುದ್ದಿಗೆ ಹೊರಳುವುದು ನಾಲ್ಕು ಸಲ ಆಡಿ ನೋಡದೆ ಬಾರದು.

ಎರಡನೆಯದು ಸುಮ್ಮನಿರುವುದು. ಗುಂಪುಕಾರ್ಯದಲ್ಲಿ ಮಾತಿಗಿಂತ ಇದನ್ನು ಓದುವುದೇ ಕಷ್ಟದ ಪಾಠ. ಸಿಟ್ಟಿನಿಂದ ಸುಮ್ಮನಾದವರು, ಯೋಚಿಸುತ್ತಿರುವವರು, ಈಗ ಅಳು ಬರುತ್ತದೆಂದು ತುಟಿ ಕಚ್ಚಿ ಕೂತವರು, ಇವರನ್ನೆಲ್ಲ ಅನುಭವಿಗಳು ಭುಜ ನೋಡಿಯೇ ಗುರುತಿಸುತ್ತಾರೆ. ಪರದೆಯಲ್ಲಿ ಭುಜ ಕಾಣುವುದಿಲ್ಲ, ಅಂಚೆಚೀಟಿಯಷ್ಟು ಮುಖ ಕಾಣುತ್ತದೆ, ಅದೂ ನೆಟ್‌ವರ್ಕ್ ಇದ್ದರೆ. ಸದಸ್ಯ ಸುಮ್ಮನಾದನೋ, ಮ್ಯೂಟ್ ಒತ್ತಿದನೋ, ಸಿಗ್ನಲ್ ಹೋಯಿತೋ? ಮಾತುಕತೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಎಂದು ಹತ್ತು ಭಾಷೆಗಳನ್ನು ಹೋಲಿಸಿ ನೋಡಿದ 2009ರ ಅಧ್ಯಯನವೊಂದು ಹೇಳಿತು. ಇಂಟರ್‌ನೆಟ್ ಅದಕ್ಕೆ ಇನ್ನಷ್ಟು ತಡ ಸೇರಿಸುತ್ತದೆ. 2014ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದ ವಿಷಯ ಇನ್ನೂ ಕುತೂಹಲದ್ದು. ದಾರಿಯಲ್ಲಾದ ತಡವನ್ನು ಜನ ಯಂತ್ರದ ತಲೆಗೆ ಕಟ್ಟುವುದಿಲ್ಲ, ಆಚೆಯಿರುವ ಮನುಷ್ಯನ ಸ್ವಭಾವಕ್ಕೆ ಕಟ್ಟುತ್ತಾರೆ. ಇವನಿಗೆ ಗಮನವಿಲ್ಲ, ಇವನು ನನ್ನ ಮಾತು ಕೇಳುತ್ತಿಲ್ಲ ಎಂದುಕೊಳ್ಳುತ್ತಾರೆ. ಮೊದಲೇ ಯಾರೂ ತಮ್ಮ ಮಾತು ಕೇಳುವುದಿಲ್ಲವೆಂದು ನೊಂದು ಗುಂಪಿಗೆ ಬಂದವರಿಗೆ ಆ ತಡ ಎಂಥ ಪೆಟ್ಟು ಕೊಡಬಹುದು ಎಂದು ಯೋಚಿಸಿ.

ಮಳೆಗಾಲದ ದಕ್ಷಿಣ ಕನ್ನಡದಲ್ಲಿ ಇದು ಊಹೆಯ ಮಾತಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಇಡೀ ದೇಶ ನೋಡಿತು. ಪಾಠವನ್ನು ಹಾಗೆ ಕೇಳಬಹುದು. ಮನೆಯ ಗುಟ್ಟನ್ನು ರಸ್ತೆ ಬದಿ ಕೊಡೆಯ ಕೆಳಗೆ ಕೂತು ಹೇಳಲಾಗುವುದಿಲ್ಲ.

ಮೂರನೆಯದು ಜಗಲಿ. ಕೂಟ ಮುಗಿದ ಮೇಲೆ ಚಪ್ಪಲಿ ಮೆಟ್ಟುವಾಗ ಹೇಳುವ ಮಾತೇ ನಿಜವಾದ ಮಾತೆಂದು ಈ ವೃತ್ತಿಯವರೆಲ್ಲರಿಗೂ ಗೊತ್ತು. ಒಂದು ಗಂಟೆ ಏನೂ ಹೇಳದವರು ಚಹಾದ ಲೋಟ ಹಿಡಿದು 'ಮೇಡಂ, ಒಂದು ಮಾತಿತ್ತು' ಎನ್ನುತ್ತಾರೆ. ಇಬ್ಬರು ಸದಸ್ಯರು ಬಸ್‌ಸ್ಟಾಪಿನವರೆಗೆ ಒಟ್ಟಿಗೆ ನಡೆದು ಹೋಗುವಾಗ ಗುಂಪು ನಿಜಕ್ಕೂ ಗುಂಪಾಗುತ್ತದೆ. ಆನ್‌ಲೈನ್‌ನಲ್ಲಿ ಕೆಂಪು ಗುಂಡಿ ಒತ್ತಿದರೆ ಜಗಲಿಯೂ ಇಲ್ಲ, ಬಸ್‌ಸ್ಟಾಪೂ ಇಲ್ಲ. ಜೂಮ್‌ನ ಉಚಿತ ಖಾತೆಯಲ್ಲಂತೂ ಗುಂಪಿನ ಕರೆ 40 ನಿಮಿಷಕ್ಕೆ ತಾನಾಗಿ ಕಡಿಯುತ್ತದೆ, ಮಾತು ಎಲ್ಲಿಗೆ ಬಂದಿದೆಯೆಂದು ಅದು ನೋಡುವುದಿಲ್ಲ. ಗುಂಪು ನಡೆಸುವವರು ಹದಿನೈದು ನಿಮಿಷ ಮೊದಲೇ ಕೋಣೆ ತೆರೆದಿಟ್ಟು, ಮುಗಿದ ಮೇಲೂ ಕೆಲಸವಿಲ್ಲದವರಂತೆ ಕೂತಿರಬೇಕಾಗುತ್ತದೆ. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ಸಂಸ್ಥೆಗೆ ಕಳುಹಿಸುವ ವರದಿಯಲ್ಲಿ ಇದಕ್ಕೊಂದು ಕಲಂ ಇರುವುದಿಲ್ಲ, ಹಾಗಾಗಿ ಯಾರೂ ಮಾಡುವುದೂ ಇಲ್ಲ.

ನನಗೆ ಈ ವಿಷಯದಲ್ಲಿ ಮತ್ತೆ ಮತ್ತೆ ನೆನಪಾಗುವುದು ತಾಳಮದ್ದಲೆಯ ಭಾಗವತರು. ವೇಷವಿಲ್ಲದೆ ಕೂತು ನಡೆಸುವ ಈ ಯಕ್ಷಗಾನದಲ್ಲಿ ಭಾಗವತ ಹಾಡುತ್ತಾನೆ, ಅರ್ಥ ಎಂದರೆ ಪಾತ್ರದ ಮಾತು ಹೇಳುವುದಿಲ್ಲ. ಆದರೂ ಪ್ರಸಂಗ ಅವನ ಕೈಯಲ್ಲಿದೆ. ಯಾವ ಪದ್ಯ ಎತ್ತಬೇಕು, ಯಾವುದನ್ನು ಬಿಡಬೇಕು, ಕರ್ಣನಿಗೆ ಎಷ್ಟು ಹೊತ್ತು ಕೊಡಬೇಕು, ಮಾತು ಹಳಿ ತಪ್ಪಿದಾಗ ಯಾವ ಕ್ಷಣದಲ್ಲಿ ಜಾಗಟೆಗೆ ಕೋಲು ತಾಗಿಸಬೇಕು ಎಂದು ನಿರ್ಧರಿಸುವವನು ಅವನು. ಅರ್ಥಧಾರಿಗಳು ಎಷ್ಟೇ ದೊಡ್ಡವರಿರಲಿ, ಒಂದು ಕಣ್ಣು ಅವನ ಮೇಲಿರುತ್ತದೆ. ಒಳ್ಳೆಯ ಗುಂಪು ನಡೆಸುವವರು ಮಾಡುವುದೂ ಇದನ್ನೇ: ತಾವು ಅರ್ಥ ಹೇಳದೆ ಇತರರಿಂದ ಹೇಳಿಸುವುದು. ಕೊರೊನಾ ಕಾಲದಲ್ಲಿ ತಾಳಮದ್ದಲೆಗಳೂ ಆನ್‌ಲೈನ್‌ಗೆ ಬಂದವು. ಬೇರೆ ಬೇರೆ ಮನೆಗಳಲ್ಲಿ ಕೂತರೆ ಹಾಡಿಗೆ ಮದ್ದಲೆ ಹೊಂದುವುದು ಅಸಾಧ್ಯ, ಏಕೆಂದರೆ ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ಲಯ ಜಾರುತ್ತದೆ. ಇನ್ನು ಅರ್ಥ ಮುಗಿಯಿತೆಂಬ ಸೂಚನೆ, ಮುಂದಿನ ಪದ್ಯ ಬರಲಿದೆಯೆಂಬ ಸೂಚನೆ, ಇವು ರಂಗದಲ್ಲಿ ಹುಬ್ಬಿನಲ್ಲಿ ಮುಗಿಯುವಂಥವು. ಪರದೆಯಲ್ಲಿ ಅವನ್ನು ಬಾಯಿಬಿಟ್ಟು ಹೇಳಬೇಕು. ಆನ್‌ಲೈನ್ ಗುಂಪು ನಡೆಸುವವರ ತೊಡಕೂ ಇಲ್ಲಿಯೇ ಇದೆ. ಕಣ್ಣಿನಿಂದ ಮಾಡುತ್ತಿದ್ದುದನ್ನೆಲ್ಲ ಮಾತಿನಿಂದ ಮಾಡಬೇಕು, ಆದರೆ ಹಾಗೆ ಮಾಡುತ್ತಾ ಮಾತನ್ನೆಲ್ಲ ತಾವೇ ಆಡಿಬಿಡಬಾರದು. ಹೆಸರು ಹಿಡಿದು ಕರೆಯಬೇಕು, ಆದರೆ ಹಾಜರಿ ಕರೆದಂತೆ ಕೇಳಿಸಬಾರದು. ಕ್ಲಾಸ್ ಟೀಚರ್ ಆಗಿಬಿಡುವ ಅಪಾಯ ಪ್ರತಿ ನಿಮಿಷ ಇರುತ್ತದೆ, ಎಷ್ಟೋ ಜನ ಆಗಿಯೂ ಬಿಡುತ್ತಾರೆ.

ಹಾಗಾದರೆ ಕಷ್ಟಪಟ್ಟು ಇದನ್ನು ಕಲಿಯುವುದೇಕೆ, ಕೊರೊನಾ ಮುಗಿಯಿತು, ಮರಳಿ ಕುರ್ಚಿಗಳಿಗೆ ಹೋಗೋಣ ಎನ್ನುವವರಿದ್ದಾರೆ. ಹಿರಿಯ ಸಮಾಜಕಾರ್ಯಕರ್ತರಲ್ಲಿ ಈ ಅಭಿಪ್ರಾಯ ಬಲವಾಗಿದೆ, ಅದರಲ್ಲಿ ಅರ್ಧ ಸತ್ಯವೂ ಇದೆ. ಬರಲು ಸಾಧ್ಯವಿರುವವರಿಗೆ ಕುರ್ಚಿಯೇ ಮೇಲು ಎಂದು ನಾನೂ ನಂಬಿದ್ದೇನೆ. ಪ್ರಶ್ನೆ ಇರುವುದು ಬರಲಾಗದವರದು. ಕೊಕ್ಕಡ, ಕೊಯ್ಲ ಸುತ್ತಿನ ಹಳ್ಳಿಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಹಾಸಿಗೆಯಲ್ಲಿದ್ದರು. ಆ ಮಕ್ಕಳು ಈಗ ದೊಡ್ಡವರು, ಅವರನ್ನು ಎತ್ತಿ ಕೂರಿಸುವ ತಾಯಂದಿರಿಗೆ ವಯಸ್ಸಾಗಿದೆ. ಮಗುವನ್ನು ಒಂದು ತಾಸು ಬಿಟ್ಟು ಬರಲಾಗದ ತಾಯಿಗೆ ಮಂಗಳೂರಿನಲ್ಲಿ ತಿಂಗಳಿಗೊಮ್ಮೆ ತಾಯಂದಿರ ಗುಂಪು ಸೇರುತ್ತದೆ ಎನ್ನುವುದು ಕ್ರೌರ್ಯದ ಸುದ್ದಿ. ಗುಂಪು ಚಿಕಿತ್ಸೆಯ ಬಗ್ಗೆ 1970ರಲ್ಲಿ ಪಠ್ಯವೇ ಆಗಿಬಿಟ್ಟ ಪುಸ್ತಕ ಬರೆದ ಇರ್ವಿನ್ ಯಾಲೊಮ್, ಗುಂಪಿನಿಂದ ಗುಣವಾಗುವ ಕಾರಣಗಳಲ್ಲಿ 'ಇದು ನನಗೊಬ್ಬನಿಗೇ ಬಂದದ್ದಲ್ಲ' ಎಂಬ ಅರಿವನ್ನೂ ಎಣಿಸಿದರು. ಆ ಅರಿವು ಪರದೆಯ ಮೂಲಕವೂ ದಾಟುತ್ತದೆ. ವಿಡಿಯೊ ಗುಂಪುಗಳ ಬಗ್ಗೆ ನಡೆದ ಅಧ್ಯಯನಗಳೂ ಒಟ್ಟಾರೆ ಇದನ್ನೇ ಹೇಳುತ್ತವೆ.

ಗಲ್ಫಿನಲ್ಲಿರುವ ಅಪ್ಪಂದಿರು ಇನ್ನೊಂದು ಬಗೆ. ಕರಾವಳಿಯಲ್ಲಿ ಮಗನ ಗಾಂಜಾ ಚಟದ ಬಗ್ಗೆ ಕುಟುಂಬದ ಕೂಟ ಕರೆದರೆ ತಾಯಿ, ಅಜ್ಜಿ, ಮಾವ ಬರುತ್ತಾರೆ, ತಂದೆ ದುಬೈಯಲ್ಲೋ ಜುಬೈಲ್‌ನಲ್ಲೋ ಇರುತ್ತಾನೆ. ಹಣ ಕಳುಹಿಸುವವನೂ ಅವನೇ, ಫೋನಿನಲ್ಲಿ ಗದರುವವನೂ ಅವನೇ, ಗುಂಪಿನಲ್ಲಿ ಇಲ್ಲದವನೂ ಅವನೇ. ಈ ಖಾಲಿ ಕುರ್ಚಿಯನ್ನು ತುಂಬಲು ಇಲ್ಲಿಯವರೆಗೆ ನಮ್ಮಲ್ಲಿ ಉಪಾಯವಿರಲಿಲ್ಲ. ಈಗ ಇದೆ. ಆದರೆ ಅದಕ್ಕೂ ತಿಳಿವಳಿಕೆ ಬೇಕು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆಯಿದೆ, ಜೂಮ್ ನಡೆಯುತ್ತದೆ. ಇಲ್ಲಿ ರಾತ್ರಿ ಒಂಬತ್ತೂವರೆಯಾದರೆ ದುಬೈಯಲ್ಲಿ ಎಂಟು, ಸೌದಿಯಲ್ಲಿ ಏಳು. ಕೆಲಸ ಮುಗಿಸಿ ಬಂದವನು ಲೇಬರ್ ಕ್ಯಾಂಪಿನ ಮಂಚದ ಮೇಲಿಂದ ಮಾತಾಡುತ್ತಾನೆ, ಮೇಲಿನ ಮಂಚದಲ್ಲಿ ಅವನ ಊರಿನವನೇ ಇರಬಹುದು. ಗುಂಪು ನಡೆಸುವವರಿಗೆ ಇದು ತೋಚದಿದ್ದರೆ ಅವನ ತುಟಿಬಿಚ್ಚದ ಉತ್ತರಗಳನ್ನು ಅವರು ಅಸಡ್ಡೆಯೆಂದು ಬರೆದುಕೊಳ್ಳುತ್ತಾರೆ.

ಭಾಷೆಯ ಮಾತನ್ನು ಯಾವ ತರಬೇತಿಯೂ ಮುಟ್ಟುವುದಿಲ್ಲ. ಮಂಗಳೂರಿನ ಒಂದು ಗುಂಪಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಮನೆಮಾತಿನವರು ಒಟ್ಟಿಗಿರುತ್ತಾರೆ, ಕನ್ನಡ ಎಲ್ಲರ ನಡುವಣ ಮಾತು. ಸಭೆ ಕನ್ನಡದಲ್ಲಿ ಶುರುವಾಗುತ್ತದೆ. ಮನಸ್ಸು ಕರಗುವ ಹೊತ್ತಿಗೆ ಮಾತು ತುಳುವಿಗೆ ಇಳಿಯುತ್ತದೆ. ಎದುರು ಕೂತಾಗ ತುಳು ಬಾರದವರಿಗೂ ಅಳು ಅರ್ಥವಾಗುತ್ತದೆ, ಪಕ್ಕದವರು ಮೆಲ್ಲನೆ ಹೇಳಿಕೊಡುತ್ತಾರೆ. ಪರದೆಯಲ್ಲಿ ಪಕ್ಕದವರಿಲ್ಲ. ಚಾಟ್‌ನಲ್ಲಿ ಬರೆಯಿರಿ ಎಂದರೆ ಕೆಲವರು ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆಯುತ್ತಾರೆ, ಕೆಲವರು ಬರೆಯುವುದೇ ಇಲ್ಲ. ಬರೆಯಲು ಬಾರದವರು ತಮಗೆ ಬಾರದೆಂದು ಎಲ್ಲರೆದುರು ಹೇಳುವುದಿಲ್ಲ. (ಗೂಗಲ್ ಅನುವಾದಕ್ಕೆ ತುಳು ಬಂದದ್ದೇ 2024ರಲ್ಲಿ. ಅಳುವಿನ ತುಳುವನ್ನು ಅದಕ್ಕೆ ಒಪ್ಪಿಸಿ ಕೂರುವ ಧೈರ್ಯ ನನಗಿಲ್ಲ.) ವಾಯ್ಸ್ ಮೆಸೇಜ್ ಇಲ್ಲಿ ದೊಡ್ಡ ಅನುಕೂಲ. ಅದನ್ನು ಗುಂಪಿನ ಕ್ರಮದೊಳಗೆ ಹೇಗೆ ತರಬೇಕು, ಯಾರ ಧ್ವನಿಯನ್ನು ಯಾರು ಕೇಳಬಹುದು, ಎಷ್ಟು ದಿನ ಉಳಿಸಿಕೊಳ್ಳಬಹುದು ಎಂಬುದು ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗದ ಪಾಠ. ಅದನ್ನು ಇಲ್ಲಿಯೇ, ಈ ಭಾಷೆಗಳಲ್ಲಿಯೇ ಕಟ್ಟಬೇಕು.

ವಾಟ್ಸ್‌ಆ್ಯಪ್ ಗುಂಪಿನ ಅಪಾಯವನ್ನು ಮಂಗಳೂರಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಗುಂಪಿಗೆ ಸೇರಿಸಿದ ಕ್ಷಣವೇ ಒಬ್ಬ ಯುವತಿಯ ಫೋನ್ ನಂಬರ್ ಅಲ್ಲಿರುವ ಎಲ್ಲರ ಕೈ ಸೇರುತ್ತದೆ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿಯರಿರುವ ಯುವಗುಂಪಿನ ಒಂದು ಸ್ಕ್ರೀನ್‌ಶಾಟ್ ಈ ಊರಿನಲ್ಲಿ ಎಲ್ಲಿಗೆ ಹೋಗಿ ಏನಾಗಬಲ್ಲದು ಎಂಬುದು ನಮಗೆ ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹೊಣೆಯನ್ನು ವೃತ್ತಿಪರರ ಮೇಲೆ ಹೊರಿಸುತ್ತದೆ, ಪಕ್ಕದ ಸದಸ್ಯನ ಮೇಲಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವ್ಯಕ್ತಿಯೊಬ್ಬ ತನ್ನ ಖಾಸಗಿ ಬಳಕೆಗೆ ಇಟ್ಟುಕೊಂಡ ಮಾಹಿತಿಯನ್ನು ಹೊರಗಿಟ್ಟಿದೆ. ಹಾಗಾಗಿ ಗುಂಪಿನ ಗುಟ್ಟನ್ನು ಕಾಯುವುದು ಕಡೆಗೂ ಗುಂಪಿನೊಳಗೆ ಹುಟ್ಟುವ ಒಪ್ಪಂದವೇ. ಅದನ್ನು ಹುಟ್ಟಿಸುವುದು ನಡೆಸುವವರ ಕೆಲಸ. ಇಂಟರ್‌ನೆಟ್ಟೇ ನಿಂತುಹೋಗುವ ದಿನಗಳೂ ಇವೆ. 2019ರ ಡಿಸೆಂಬರ್‌ನಲ್ಲಿ ಇಲ್ಲಿ ಎರಡು ದಿನ ಮೊಬೈಲ್ ಇಂಟರ್‌ನೆಟ್ ಕಡಿದಿದ್ದರು. ಊರು ಹೆದರಿ ಕೂತ ಅಂಥ ದಿನಗಳಲ್ಲೇ ಗುಂಪು ಹೆಚ್ಚು ಬೇಕಾಗುವುದು. ಸಾಧಾರಣ ಫೋನ್ ಕರೆಯ ಸರಪಣಿಯನ್ನು ಮೊದಲೇ ಹೆಣೆದಿಟ್ಟವರು ಮಾತ್ರ ಆಗ ನಿಭಾಯಿಸಬಲ್ಲರು.

ಇಷ್ಟು ಹೇಳಿದ ಮೇಲೆ ತರಬೇತಿಯ ಮೊದಲ ಪಾಠ ಯಾವುದಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ: ಯಾವ ಗುಂಪನ್ನು ಆನ್‌ಲೈನ್‌ನಲ್ಲಿ ನಡೆಸಬಾರದು ಎಂಬುದು. ಹೊಡೆಯುವ ಗಂಡ ಅದೇ ಮನೆಯಲ್ಲಿರುವಾಗ ಹೆಂಡತಿಯನ್ನು ಪರದೆಯ ಗುಂಪಿಗೆ ಕರೆಯಬಾರದು. ಸಾಯುವ ಮಾತಾಡುತ್ತಿರುವವರನ್ನು ಅವರ ವಿಳಾಸವೂ ಹತ್ತಿರದ ಒಬ್ಬರ ನಂಬರೂ ಕೈಯಲ್ಲಿಲ್ಲದೆ ಸೇರಿಸಿಕೊಳ್ಳಬಾರದು. ಫೋನ್ ತನ್ನದಲ್ಲದ ಹೆಂಗಸಿನ ವಿಷಯದಲ್ಲಿ ಎರಡು ಸಲ ಯೋಚಿಸಬೇಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ನೂರಕ್ಕೆ 54, ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದವರು 33, ಗಂಡಸರಲ್ಲಿ ಅದು 57. ಆಗಿನಿಂದ ಫೋನುಗಳು ಹೆಚ್ಚಿರಬಹುದು, ಫೋನಿನ ಮೇಲೆ ಕಣ್ಣಿಟ್ಟವರೂ ಹೆಚ್ಚಿದ್ದಾರೆ. ಬೇಡ ಎನ್ನಲು ಕಲಿಸದ ತರಬೇತಿಯಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು.

ಉಳಿದದ್ದನ್ನು ಕಲಿಯುವ ಬಗೆ ಒಂದೇ, ಗುಂಪಿನೊಳಗೆ ಕೂತು. ಆನ್‌ಲೈನ್ ಗುಂಪು ನಡೆಸಬೇಕಾದವರು ಮೊದಲು ಆನ್‌ಲೈನ್ ಗುಂಪೊಂದರ ಸದಸ್ಯರಾಗಬೇಕು, ಎಂಟು ಹತ್ತು ಜನರ ಗುಂಪು, ಕೆಲವು ತಿಂಗಳು, ವಾರವಾರ. ಸರದಿಯಂತೆ ಒಬ್ಬೊಬ್ಬರು ನಡೆಸಬೇಕು, ಉಳಿದವರು ನಿಜವಾದ ಸದಸ್ಯರಂತೆ ತೊಂದರೆ ಕೊಡಬೇಕು: ಒಬ್ಬರು ಮಾತು ಬಿಡದವರು, ಒಬ್ಬರು ಸಿಗ್ನಲ್ ಹೋದವರು, ಒಬ್ಬರು ಕ್ಯಾಮೆರಾ ಹಾಕಲೊಲ್ಲದವರು. ಮುಗಿದ ಮೇಲೆ ಹಳೆಯ ಪ್ರಕ್ರಿಯಾ ದಾಖಲೆಯನ್ನೇ ಬರೆಯಬೇಕು, ಅಂಚಿನ ಪ್ರಶ್ನೆಗಳೊಂದಿಗೆ. ನಂತರ ನಿಜವಾದ ಗುಂಪು, ಸದಸ್ಯರ ಒಪ್ಪಿಗೆ ಪಡೆದು ಅನುಭವಿಯೊಬ್ಬರು ಜೊತೆಗಿರುವಂತೆ. ಈ ಬಗೆಗೆ ಮಾದರಿಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ನ್ಯೂ ಮೆಕ್ಸಿಕೊದ ವೈದ್ಯ ಸಂಜೀವ್ ಅರೋರಾ 2003ರಲ್ಲಿ ದೂರದ ಹಳ್ಳಿಗಳ ವೈದ್ಯರಿಗೆ ಹೆಪಟೈಟಿಸ್ ಸಿ ಚಿಕಿತ್ಸೆ ಕಲಿಸಲು ಆರಂಭಿಸಿದ 'ಎಕೊ' ಕ್ರಮ ಇಂಥದ್ದೇ. ವಾರಕ್ಕೊಮ್ಮೆ ವಿಡಿಯೊದಲ್ಲಿ ಸೇರುವುದು, ಕೆಲಸದವರು ತಮ್ಮ ಕೈಲಿರುವ ನಿಜವಾದ ಪ್ರಕರಣ ಇಡುವುದು, ತಜ್ಞರೂ ಉಳಿದವರೂ ಅದರ ಮೇಲೆ ಮಾತಾಡುವುದು. ಬೆಂಗಳೂರಿನ ನಿಮ್ಹಾನ್ಸ್ ಇದೇ ಕ್ರಮದಲ್ಲಿ ವರ್ಷಗಳಿಂದ ದೂರದ ಜಿಲ್ಲೆಗಳ ವೈದ್ಯರನ್ನೂ ಸಮಾಲೋಚಕರನ್ನೂ ತರಬೇತು ಮಾಡುತ್ತಿದೆ. ಮಂಗಳೂರಿನಲ್ಲಿ ಅದನ್ನು ಗುಂಪುಕಾರ್ಯಕ್ಕೆಂದೇ, ಕನ್ನಡ ತುಳು ಬ್ಯಾರಿಗಳಲ್ಲಿ ನಡೆಸಲು ಅಡ್ಡಿ ಏನಿದೆ?

ಅಡ್ಡಿ ಇದೆ, ಅದು ತಂತ್ರಜ್ಞಾನದ್ದಲ್ಲ. ನಮ್ಮ ನೀತಿಗಳೆಲ್ಲ ವ್ಯಕ್ತಿಯನ್ನು ನೋಡುತ್ತವೆ, ಗುಂಪನ್ನು ನೋಡುವುದಿಲ್ಲ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರಿಗೆ, ಒಬ್ಬೊಬ್ಬ ರೋಗಿಯ ಬಗ್ಗೆ ಬರೆದದ್ದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ, 14416, ಒಬ್ಬರ ಕರೆಗೆ ಒಬ್ಬರ ಉತ್ತರ. ಅಮೆರಿಕದ ಸಮಾಜಕಾರ್ಯ ಸಂಘಟನೆಗಳು 2017ರಲ್ಲೇ ತಂತ್ರಜ್ಞಾನ ಬಳಕೆಗೆ ಮಾನದಂಡ ಹೊರತಂದವು. ನಮ್ಮಲ್ಲಿ ಸಮಾಜಕಾರ್ಯಕ್ಕೇ ಮೀಸಲಾದ ಶಾಸನಬದ್ಧ ಪರಿಷತ್ತು ಇಲ್ಲ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆ ಆಸ್ಪತ್ರೆಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಯೊಳಗೆ ತಂದಿದೆ, ಊರೂರು ತಿರುಗುವ ಸಂಸ್ಥೆಗಳ ಕಾರ್ಯಕರ್ತರು ಅದರ ಹೊರಗೇ ಉಳಿಯುತ್ತಾರೆ. ಕಡಿಮೆ ಸಂಬಳಕ್ಕೆ, ಯೋಜನೆ ಮುಗಿದರೆ ಕೆಲಸವೂ ಮುಗಿಯುವ ಗುತ್ತಿಗೆಯಲ್ಲಿ ದುಡಿಯುವವರು ಇವರೇ. ರಾತ್ರಿ ಒಂಬತ್ತೂವರೆಗೆ ಗಲ್ಫಿನ ತಂದೆಯನ್ನು ಸೇರಿಸಿಕೊಂಡು ಗುಂಪು ನಡೆಸಬೇಕಾದವರೂ ಇವರೇ.

ಸಂಸ್ಥೆಗಳ ಮುಖ್ಯಸ್ಥರು ವೆಬಿನಾರನ್ನು ಇಷ್ಟಪಡುವುದಕ್ಕೆ ಕಾರಣ ಸರಳ. ಅದಕ್ಕೆ ಖರ್ಚಿಲ್ಲ, ಸಂಖ್ಯೆ ದೊಡ್ಡದು, ಫೋಟೊ ಬರುತ್ತದೆ. ನಾನು ಹೇಳುತ್ತಿರುವ ಬಗೆಯಲ್ಲಿ ಆರು ತಿಂಗಳಿಗೆ ಎಂಟು ಜನ ತಯಾರಾಗುತ್ತಾರೆ, ವರದಿಯಲ್ಲಿ ಅದು ಬಡವಾಗಿ ಕಾಣುತ್ತದೆ. ರೋಶನಿ ನಿಲಯ, ಸಂತ ಅಲೋಶಿಯಸ್, ಫಾದರ್ ಮುಲ್ಲರ್, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು ಎಲ್ಲ ಕೆಲವೇ ಕಿಲೋಮೀಟರ್ ಅಂತರದಲ್ಲಿರುವ ನಗರದಲ್ಲಿ ಕಲಿಸಬಲ್ಲವರಿಗೆ ಬರವಿಲ್ಲ. ಕಷ್ಟವಿರುವುದು ವಾರದ ಆ ತೊಂಬತ್ತು ನಿಮಿಷದ ಲೆಕ್ಕದಲ್ಲಿ. ಅದನ್ನು ಕಾರ್ಯಕರ್ತರ ಸ್ವಂತ ಆಸಕ್ತಿಯ ಸಮಯವೆಂದು ಬಿಟ್ಟರೆ ಮೊದಲ ತಿಂಗಳಿಗೇ ಗುಂಪು ಕರಗುತ್ತದೆ, ಕಲಿಯಬೇಕಾದವರು ಮನೆಯಲ್ಲಿ ಮಕ್ಕಳ ಹೋಂವರ್ಕ್ ಮಾಡಿಸುತ್ತಿರುತ್ತಾರೆ. ಕೆಲಸದ ಅವಧಿಯೊಳಗೆ ಬರೆದು, ಅನುದಾನದ ಅರ್ಜಿಯಲ್ಲಿ ಮೇಲ್ವಿಚಾರಣೆ ಎಂಬ ಕಲಂ ತೆರೆದು, ಅದಕ್ಕೊಂದು ಮೊತ್ತ ನಮೂದಿಸುವುದು ಆಡಳಿತ ಮಂಡಳಿಯ ಒಂದು ಸಭೆಯಲ್ಲಿ ಮುಗಿಯುವ ತೀರ್ಮಾನ. ದಾನಿ ಸಂಸ್ಥೆ ಅದನ್ನು ಹೊಡೆದುಹಾಕಿದರೆ ಯಾಕೆಂದು ಕೇಳಿ ಬರೆಯಬಹುದು. ಇಲ್ಲಿಯವರೆಗೆ ಆ ಕಲಂ ತೆರೆದವರೇ ಕಡಿಮೆ.